ಪುಸ್ತಕಕ್ಕೆ ಜಾಗ ಒಂದೇ, ದಾರಿ ಹತ್ತು: ಕ್ಯಾಟಲಾಗಿಂಗ್, ವರ್ಗೀಕರಣ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಲಿಬ್ (ಗ್ರಂಥಾಲಯ ವಿಜ್ಞಾನದ ಪದವಿ) ಓದುವ ಹುಡುಗರು, ಪಂಚಾಯಿತಿಯ ಲೈಬ್ರರಿ ಅಂದರೆ ಅರಿವು ಕೇಂದ್ರ ನೋಡಿಕೊಳ್ಳುವವರು, ಅಜ್ಜ ಬಿಟ್ಟುಹೋದ ಎರಡು ಬೀರು ಪುಸ್ತಕ ಏನು ಮಾಡುವುದು ಅಂತ ತೋಚದೆ ಕೂತವರು, ಹೀಗೆ ಥರಾವರಿ ಜನ ಕೇಳುವ ಪ್ರಶ್ನೆಗಳು ಇವು. ಪಠ್ಯಪುಸ್ತಕದ ಕ್ರಮ ಹುಡುಕಬೇಡಿ. ನೆನಪಾದ ಹಾಗೆ ಬರೆದಿದ್ದೇನೆ.

ಕ್ಯಾಟಲಾಗಿಂಗ್, ಕ್ಲಾಸಿಫಿಕೇಶನ್ ಎರಡೂ ಒಂದೇ ಅಲ್ವಾ?

ಅಲ್ಲ. ಪುಸ್ತಕ ಯಾವ ಕಪಾಟಿನಲ್ಲಿ, ಯಾವ ಪುಸ್ತಕದ ಪಕ್ಕ ನಿಲ್ಲಬೇಕು ಅಂತ ತೀರ್ಮಾನ ಮಾಡುವುದು ಕ್ಲಾಸಿಫಿಕೇಶನ್, ಅಂದರೆ ವರ್ಗೀಕರಣ. ಆ ಜಾಗ ಹೇಳುವುದು ಪುಸ್ತಕದ ಬೆನ್ನಿಗೆ ಅಂಟಿಸುವ ನಂಬರ್. ಓದುಗ ಯಾವ ಕಡೆಯಿಂದ ಹುಡುಕಿಕೊಂಡು ಬಂದರೂ ಆ ಪುಸ್ತಕ ಸಿಗುವ ಹಾಗೆ ಅದರ ವಿವರ ಬರೆದಿಡುವುದು ಕ್ಯಾಟಲಾಗಿಂಗ್. ಒಂದು ಪ್ರತಿ ಒಂದೇ ಕಡೆ ನಿಲ್ಲುತ್ತದೆ, ಬೇರೆ ದಾರಿಯಿಲ್ಲ. ಕ್ಯಾಟಲಾಗಿನಲ್ಲಿ ಮಾತ್ರ ಅದಕ್ಕೆ ಎಷ್ಟು ಬಾಗಿಲು ಬೇಕಾದರೂ ಇಡಬಹುದು. ಲೇಖಕರ ಹೆಸರು ಒಂದು ಬಾಗಿಲು, ಪುಸ್ತಕದ ಹೆಸರು ಇನ್ನೊಂದು, ವಿಷಯ ಮತ್ತೊಂದು, ಅನುವಾದಕರು, ಮಾಲೆಯ ಹೆಸರು, ಹೀಗೆ.

ಇದೇನು ಹೊಸ ಮಾತಲ್ಲ. ಲೇಖಕ, ಶೀರ್ಷಿಕೆ, ವಿಷಯ ಈ ಮೂರರಲ್ಲಿ ಒಂದು ಗೊತ್ತಿದ್ದರೂ ಓದುಗನಿಗೆ ಪುಸ್ತಕ ಸಿಗಬೇಕು ಅಂತ ಅಮೆರಿಕದ ಚಾರ್ಲ್ಸ್ ಕಟರ್ 1876ರಲ್ಲೇ ಬರೆದಿದ್ದ. ಈ ಜಾಗ ಮತ್ತು ಬಾಗಿಲಿನ ವ್ಯತ್ಯಾಸ ತಲೆಗೆ ಹತ್ತಿತು ಅಂದರೆ ಅರ್ಧ ಗೊಂದಲ ಅಲ್ಲೇ ಮುಗಿಯಿತು. ಕೆಳಗೆ ನಾನು ಮತ್ತೆ ಮತ್ತೆ ಇದಕ್ಕೇ ವಾಪಸ್ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈಗ ಎಲ್ಲಾ ಕಂಪ್ಯೂಟರಿನಲ್ಲೇ ಹುಡುಕುತ್ತೇವಲ್ಲ, ನಂಬರ್ ಯಾಕೆ ಬೇಕು?

ಕಂಪ್ಯೂಟರಿಗೆ ನಿಮಗೆ ಗೊತ್ತಿರುವ ಪದವನ್ನಷ್ಟೇ ಕೊಡಬಹುದು. ಕಪಾಟಿನ ಮುಂದೆ ನಿಂತಾಗ ಗೊತ್ತಿಲ್ಲದ್ದೂ ಕಣ್ಣಿಗೆ ಬೀಳುತ್ತದೆ. ಜೇನು ಸಾಕಣೆಯ ಪುಸ್ತಕ ಬೇಕು ಅಂತ 638.1ರ ಹತ್ತಿರ ಹೋದ ರೈತರು ಪಕ್ಕದಲ್ಲೇ 638.2ರಲ್ಲಿ ರೇಷ್ಮೆ ಹುಳುವಿನ ಪುಸ್ತಕ ನೋಡಿ ಎರಡನ್ನೂ ಎತ್ತಿಕೊಂಡು ಬರುತ್ತಾರೆ. ಅವರು ರೇಷ್ಮೆ ಅಂತ ಟೈಪ್ ಮಾಡಿರಲಿಲ್ಲ, ಮಾಡುತ್ತಲೂ ಇರಲಿಲ್ಲ. ವರ್ಗೀಕರಣದ ನಿಜವಾದ ಲಾಭ ಅಕ್ಕಪಕ್ಕದಲ್ಲಿ ಇರುತ್ತದೆ.

ಡ್ಯೂಯಿ ನಂಬರ್ ನೋಡಿದರೆ ಗಾಬರಿಯಾಗುತ್ತದೆ. ಎಲ್ಲಿಂದ ಶುರು ಮಾಡಲಿ?

ಡ್ಯೂಯಿ ಅಂದರೆ ಪುಸ್ತಕಗಳನ್ನೆಲ್ಲ ಹತ್ತು ವರ್ಗ ಮಾಡಿ ನಂಬರ್ ಕೊಡುವ ಪದ್ಧತಿ. ಮೊದಲು ಆ ಹತ್ತು ಮುಖ್ಯ ವರ್ಗ ಬಾಯಿಪಾಠ ಮಾಡಿಬಿಡಿ. 000 ಸಾಮಾನ್ಯ ವಿಷಯ ಮತ್ತು ಕಂಪ್ಯೂಟರ್, 100 ತತ್ವಶಾಸ್ತ್ರ ಮತ್ತು ಮನಶ್ಶಾಸ್ತ್ರ, 200 ಧರ್ಮ, 300 ಸಮಾಜ ವಿಜ್ಞಾನ, 400 ಭಾಷೆ, 500 ವಿಜ್ಞಾನ, 600 ತಂತ್ರಜ್ಞಾನ, 700 ಕಲೆ ಮತ್ತು ಆಟ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಅಷ್ಟು ಸಾಕು. ಸಾವಿರ ನಂಬರ್ ಬಾಯಿಪಾಠ ಮಾಡಲು ಹೋಗಬೇಡಿ, ಯಾರೂ ಮಾಡಿಲ್ಲ. ಕೆಲಸ ಮಾಡುತ್ತಾ ಮಾಡುತ್ತಾ ಐವತ್ತು ಅರವತ್ತು ನಂಬರ್ ತಾವಾಗಿಯೇ ನಾಲಿಗೆ ಮೇಲೆ ಕೂರುತ್ತವೆ.

ಆಮೇಲೆ ಅರ್ಥ ಮಾಡಿಕೊಳ್ಳಬೇಕಾದ್ದು ಒಂದೇ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಈ ಪದ್ಧತಿ ತಂದಾಗ ವಸ್ತುವಿನ ಪ್ರಕಾರ ಭಾಗ ಮಾಡಲಿಲ್ಲ, ಶಾಸ್ತ್ರದ ಪ್ರಕಾರ ಮಾಡಿದ. ಕಾಫಿಯನ್ನೇ ತೆಗೆದುಕೊಳ್ಳಿ. ತೋಟದಲ್ಲಿ ಬೆಳೆಯುವ ಕಾಫಿ 633.73. ಕಾರ್ಖಾನೆಯಲ್ಲಿ ಹುರಿದು ಪುಡಿ ಮಾಡುವ ಕಾಫಿ 663.93. ಮನೆಯಲ್ಲಿ ಫಿಲ್ಟರ್ ಹಾಕಿ ಕುಡಿಯುವ ಕಾಫಿ 641.877. ಒಂದೇ ಕಾಳು, ಮೂರು ಕಪಾಟು! ಹೊಸಬರು ಇಲ್ಲೇ ಎಡವುತ್ತಾರೆ, "ಕಾಫಿ ನಂಬರ್ ಯಾವುದು ಸಾರ್" ಅಂತ ಕೇಳುತ್ತಾರೆ. ಕಾಫಿಗೆ ನಂಬರ್ ಇಲ್ಲ. ಈ ಪುಸ್ತಕ ಕಾಫಿಯನ್ನು ಯಾರ ಕಣ್ಣಿನಿಂದ ನೋಡುತ್ತಿದೆ, ಬೆಳೆಗಾರನದೋ ಕಾರ್ಖಾನೆಯವನದೋ ಅಡುಗೆ ಮಾಡುವವರದೋ, ಅದಕ್ಕೆ ನಂಬರ್ ಇದೆ. ಹೀಗೆ ಚೆಲ್ಲಾಪಿಲ್ಲಿಯಾದ ಕಾಫಿಯೆಲ್ಲ ಮತ್ತೆ ಒಂದು ಕಡೆ ಸೇರುವುದು ಡ್ಯೂಯಿ ಪುಸ್ತಕದ ಕೊನೆಯಲ್ಲಿ ವಿಷಯಗಳನ್ನು ಅಕ್ಷರ ಕ್ರಮದಲ್ಲಿ ಕೊಡುವ ರಿಲೇಟಿವ್ ಇಂಡೆಕ್ಸಿನಲ್ಲಿ. ಆದರೆ ಇಂಡೆಕ್ಸ್ ನೋಡಿ ನಂಬರ್ ಹಾಕಿ ಮುಗಿಸಬೇಡಿ. ಅಲ್ಲಿಂದ ಷೆಡ್ಯೂಲಿಗೆ, ಅಂದರೆ ನಂಬರುಗಳನ್ನು ಕ್ರಮವಾಗಿ ಕೊಟ್ಟಿರುವ ಪಟ್ಟಿಗೆ, ಹೋಗಿ ಆ ನಂಬರಿನ ಮೇಲೆ ಕೆಳಗೆ ಏನಿದೆ ನೋಡಿ.

ಇನ್ನು ನಂಬರ್ ಕಟ್ಟುವುದು. ಕರ್ನಾಟಕದ ಕಾಫಿ ಕೃಷಿ ಅಂತ ಪುಸ್ತಕ ಬಂದರೆ 633.73ಕ್ಕೆ ಜಾಗ ಸೂಚಿಸುವ 09 ಸೇರಿಸಿ, ಅದರ ಮುಂದೆ ಕರ್ನಾಟಕದ 5487 ಇಟ್ಟರೆ 633.73095487. ಉದ್ದ ನೋಡಿ ಹೆದರಬೇಡಿ, ಮೂರು ತುಂಡಿನ ರೈಲು ಅಷ್ಟೆ. ಕರ್ನಾಟಕದ ಇತಿಹಾಸ 954.87 ಆಗಿದ್ದೂ ಇದೇ 5487ರಿಂದ.

ನಮ್ಮಲ್ಲಿ ಮುಕ್ಕಾಲು ಭಾಗ ಕನ್ನಡ ಕಾದಂಬರಿ. ಎಲ್ಲಾ ಒಂದೇ ನಂಬರಿನಲ್ಲಿ ರಾಶಿ ಬೀಳುತ್ತದಲ್ಲ?

ಬೀಳುತ್ತದೆ. ಡ್ಯೂಯಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಪೂರ್ತಿ ಕೊಟ್ಟ, ಅಮೆರಿಕದ್ದಕ್ಕೆ 810 ಬೇರೆ. ನಮ್ಮ ಕನ್ನಡಕ್ಕೆ 890ರ ಮೂಲೆಯಲ್ಲಿ, ದ್ರಾವಿಡ ಭಾಷೆಗಳ 894.8ರ ಒಳಗೆ, 894.814 ಸಿಕ್ಕಿತು. ಅದಕ್ಕೆ 1 ಸೇರಿದರೆ ಕಾವ್ಯ, 2 ನಾಟಕ, 3 ಕಥೆ ಕಾದಂಬರಿ, 4 ಪ್ರಬಂಧ. ಹಾಗಾಗಿ ಕಾದಂಬರಿ ಎಲ್ಲವೂ 894.8143. ನಾಲ್ಕು ಕಪಾಟು ತುಂಬಾ ಒಂದೇ ನಂಬರ್ ಅಂಟಿಸಿದರೆ ಅದು ಏನನ್ನೂ ಹೇಳುವುದಿಲ್ಲ, ನಿಜ.

ಅಲ್ಲಿ ಕೆಲಸ ಮಾಡುವುದು ನಂಬರಿನ ಕೆಳಗಿನ ಲೇಖಕರ ಗುರುತು. ಹೆಸರಿನ ಮೊದಲ ಮೂರು ಅಕ್ಷರ ಬರೆದರೆ ಸಾಕು, ಕಾರಂತರಿಗೆ "ಕಾರಂತ", ತ್ರಿವೇಣಿಯವರಿಗೆ "ತ್ರಿವೇಣಿ". ಒಬ್ಬರ ಪುಸ್ತಕಗಳು ಒಟ್ಟಿಗೆ ನಿಲ್ಲುತ್ತವೆ, ಓದುಗರು ಹುಡುಕುವುದೂ ಹಾಗೆಯೇ. ಸಣ್ಣ ಲೈಬ್ರರಿಯಾದರೆ ನಂಬರನ್ನೇ ಬಿಟ್ಟು ಬೆನ್ನಿನ ಚೀಟಿಯಲ್ಲಿ "ಕಾದಂಬರಿ" ಅಂತ ಬರೆದು ಕೆಳಗೆ ಲೇಖಕರ ಗುರುತು ಹಾಕಿದರೂ ಯಾರೂ ಬಯ್ಯುವುದಿಲ್ಲ. ಕ್ಯಾಟಲಾಗಿನಲ್ಲಿ ಪೂರ್ತಿ ನಂಬರ್ ಇರಲಿ.

ರಷ್ಯನ್ ಕಾದಂಬರಿಯ ಕನ್ನಡ ಅನುವಾದ ಎಲ್ಲಿಗೆ?

ನಿಯಮದ ಪ್ರಕಾರ ಸಾಹಿತ್ಯ ಕೃತಿ ಮೂಲ ಭಾಷೆಯ ಜೊತೆಗೆ ಹೋಗುತ್ತದೆ. ರಷ್ಯನ್ ಕಾದಂಬರಿ ಕನ್ನಡಕ್ಕೆ ಬಂದರೂ 891.73. ಕನ್ನಡ ಕಾದಂಬರಿ ಇಂಗ್ಲಿಷಿಗೆ ಹೋದರೂ 894.8143. ಕನ್ನಡ ಓದುಗರು ರಷ್ಯನ್ ಕಪಾಟಿಗೆ ಹೋಗಿ ನೋಡುತ್ತಾರಾ? ಇಲ್ಲ. ಅದಕ್ಕೇ ನಮ್ಮ ಕಡೆ ಬಹಳ ಲೈಬ್ರರಿಗಳು ಕನ್ನಡ ಪುಸ್ತಕಗಳನ್ನೆಲ್ಲ ಬೇರೆ ಸಾಲಿನಲ್ಲಿಟ್ಟು, ನಂಬರಿನ ಮುಂದೆ "ಕ" ಅಂತ ಹಾಕಿ, ಆ ಸಾಲಿನ ಒಳಗೆ ಡ್ಯೂಯಿ ಕ್ರಮ ಇಟ್ಟುಕೊಳ್ಳುತ್ತವೆ. ಪರೀಕ್ಷೆಯಲ್ಲಿ ಮಾತ್ರ 891.73 ಅಂತಲೇ ಬರೆಯಿರಿ.

ವಚನಗಳನ್ನು ಕಾವ್ಯಕ್ಕೆ ಹಾಕಬೇಕಾ, ಧರ್ಮಕ್ಕೆ ಹಾಕಬೇಕಾ?

ಈ ಪ್ರಶ್ನೆ ಕೇಳಿದವರು ಒಳ್ಳೆಯ ಕ್ಯಾಟಲಾಗರ್ ಆಗುತ್ತಾರೆ ಅಂತ ನನ್ನ ನಂಬಿಕೆ.

ಹನ್ನೆರಡನೇ ಶತಮಾನದ ವಚನಕಾರರು ಕವಿತೆ ಬರೆಯುತ್ತೇವೆ ಅಂತ ಕೂತವರಲ್ಲ. ಆದರೂ ಇವತ್ತು ಕನ್ನಡ ಎಂ.ಎ. ತರಗತಿಯಲ್ಲಿ ಅಲ್ಲಮನನ್ನು ಓದುವವರು ಸಾಹಿತ್ಯವಾಗಿ ಓದುತ್ತಾರೆ. ಮನೆಯಲ್ಲಿ ಪೂಜೆ ಮುಗಿಸಿ ಬಸವಣ್ಣನವರ ವಚನ ಹೇಳುವವರು ಸಾಹಿತ್ಯ ಅಂತ ಹೇಳುವುದಿಲ್ಲ. ಇಬ್ಬರೂ ನಿಮ್ಮ ಲೈಬ್ರರಿಗೆ ಬರುತ್ತಾರೆ. 894.8141ಕ್ಕೆ ಹಾಕಿದರೆ ಒಬ್ಬರಿಗೆ ದೂರ, 294.5ರ ಕಡೆ ಹಾಕಿದರೆ ಇನ್ನೊಬ್ಬರಿಗೆ ದೂರ. ಮೇಲಾಗಿ ಅದನ್ನು 294.5ರಲ್ಲಿ, ಅಂದರೆ ಹಿಂದೂ ಧರ್ಮದ ಕೆಳಗೆ, ಇಡುವುದೇ ಸರಿಯಲ್ಲ ಅನ್ನುವವರೂ ಇದ್ದಾರೆ. ಆ ಜಗಳ ಲೈಬ್ರರಿಯನ್ ಮೇಜಿನ ಮೇಲೆ ಇತ್ಯರ್ಥ ಆಗುವಂಥದ್ದಲ್ಲ.

ನಾನು ಮಾಡುವುದು ಹೀಗೆ. ಬರೀ ವಚನಗಳ ಸಂಗ್ರಹವಾದರೆ ಕಾವ್ಯ. ಲಿಂಗಾಚಾರ, ಷಟ್‌ಸ್ಥಲ, ಇಷ್ಟಲಿಂಗ ಪೂಜೆ ವಿವರಿಸಲು ವಚನಗಳನ್ನು ಬಳಸಿಕೊಂಡ ಪುಸ್ತಕವಾದರೆ ಧರ್ಮ. ವಚನ ಚಳವಳಿಯ ಕಾಲದ ಸಮಾಜ, ಕಸುಬು, ಜಾತಿ ಬಗ್ಗೆ ಬರೆದದ್ದಾದರೆ 300ರ ಕಡೆಯೋ 954.87ರ ಕಡೆಯೋ, ಲೇಖಕರ ಒತ್ತು ನೋಡಿಕೊಂಡು. ಮುನ್ನುಡಿ, ಪರಿವಿಡಿ ಓದದೆ ಇದು ಗೊತ್ತಾಗುವುದಿಲ್ಲ. ರಕ್ಷಾಪುಟದ ಮೇಲೆ ಬಸವಣ್ಣನ ಚಿತ್ರವಿದ್ದ ಮಾತ್ರಕ್ಕೆ ಮೂರೂ ಒಂದೇ ಪುಸ್ತಕ ಅಲ್ಲ.

ಜಾಗ ಯಾವುದೇ ಕೊಡಿ, ಕ್ಯಾಟಲಾಗಿನಲ್ಲಿ ವಿಷಯದ ಬಾಗಿಲು ಎರಡೂ ಕಡೆ ತೆಗೆದಿಡಿ: "ವಚನ ಸಾಹಿತ್ಯ" ಒಂದು, "ವೀರಶೈವ" "ಲಿಂಗಾಯತ" ಅಂತ ಹುಡುಕುವವರಿಗೆ ಅದೂ. ಒಂದು ಸಲ ತೀರ್ಮಾನ ಮಾಡಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇಲ್ಲದಿದ್ದರೆ ಮುಂದಿನ ವರ್ಷ ನೀವೇ ಬೇರೆ ಥರ ಹಾಕುತ್ತೀರಿ. ನಾನು ಹಾಕಿದ್ದೇನೆ.

200ರಲ್ಲಿ ಕ್ರೈಸ್ತ ಧರ್ಮಕ್ಕೇ ಅಷ್ಟು ಜಾಗ ಯಾಕೆ?

1876ರ ಅಮೆರಿಕದ ಕಾಲೇಜಿನ ಲೈಬ್ರರಿಯಲ್ಲಿ ಇದ್ದ ಪುಸ್ತಕಗಳು ಅವು, ಅದಕ್ಕೆ. 220ರಿಂದ 280ರವರೆಗೆ ಬೈಬಲ್ ಮತ್ತು ಕ್ರೈಸ್ತ ಧರ್ಮ. ಜಗತ್ತಿನ ಉಳಿದ ಧರ್ಮಗಳೆಲ್ಲ 290ರಲ್ಲಿ ಇರುಕಿಕೊಂಡಿವೆ: ಬೌದ್ಧ 294.3, ಜೈನ 294.4, ಹಿಂದೂ 294.5, ಇಸ್ಲಾಂ 297. ಯಾವ ವರ್ಗೀಕರಣವೂ ಆಕಾಶದಿಂದ ಬಿದ್ದದ್ದಲ್ಲ, ಮಾಡಿದವರ ಊರು ಕಾಲ ಅದರೊಳಗೆ ಕೂತಿರುತ್ತದೆ. ಅಂದಹಾಗೆ ಡ್ಯೂಯಿ ಮನುಷ್ಯನಾಗಿ ಅಂಥ ದೊಡ್ಡವನೇನಲ್ಲ. ಅವನ ಜನಾಂಗ ದ್ವೇಷ ಮತ್ತು ಹೆಂಗಸರ ಜೊತೆಗಿನ ನಡವಳಿಕೆಯ ಕಾರಣಕ್ಕೆ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 2019ರಲ್ಲಿ ತನ್ನ ಪದಕದಿಂದ ಅವನ ಹೆಸರು ತೆಗೆದುಹಾಕಿತು. ಪದ್ಧತಿ ಮಾತ್ರ ಉಳಿಯಿತು.

ಕೋಲನ್ ಕ್ಲಾಸಿಫಿಕೇಶನ್ ಯಾರೂ ಬಳಸುವುದಿಲ್ಲವಂತೆ, ಆದರೂ ಯಾಕೆ ಕಲಿಸುತ್ತಾರೆ?

ಕೋಲನ್ ಅಂದರೆ ಡ್ಯೂಯಿಯ ಹಾಗೆ ಇನ್ನೊಂದು ವರ್ಗೀಕರಣ ಪದ್ಧತಿ, ರಂಗನಾಥನ್ ಅವರದು. ಇವತ್ತು ಕಪಾಟಿನ ಮೇಲೆ ಅದನ್ನು ಬಳಸುವ ಲೈಬ್ರರಿಗಳು ಕಡಿಮೆ, ಒಪ್ಪಿದೆ. ಆದರೆ ಪುಸ್ತಕದ ವಿಷಯವನ್ನು ಬಿಡಿಸಿ ನೋಡುವುದು ಹೇಗೆ ಅಂತ ಕಲಿಸಲು ಅದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಎಸ್.ಆರ್. ರಂಗನಾಥನ್ ಮದ್ರಾಸಿನಲ್ಲಿ ಗಣಿತ ಪಾಠ ಮಾಡುತ್ತಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಮೊದಲು ಆ ಕೆಲಸ ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ, ವಾಪಸ್ ಪಾಠಕ್ಕೆ ಕಳಿಸಿ ಅಂತ ಕೇಳಿದ್ದರು. ಲಂಡನ್ನಿಗೆ ಕಲಿಯಲು ಹೋಗಿ ಬಂದ ಮೇಲೆ ಮನುಷ್ಯ ಬದಲಾದರು. ಅಲ್ಲಿ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ನೋಡಿದರಂತೆ, ಅವವೇ ಪಟ್ಟಿ, ಅವವೇ ನಟ್ಟು ಬೋಲ್ಟು, ಜೋಡಿಸಿದ ಹಾಗೆ ಬೇರೆ ಬೇರೆ ಗಾಡಿ. ವಿಷಯಗಳನ್ನೂ ಹೀಗೆ ಜೋಡಿಸಬಹುದಲ್ಲ ಅನ್ನಿಸಿತು. 1933ರಲ್ಲಿ ಕೋಲನ್, ನಾವು ದ್ವಿಬಿಂದು ವರ್ಗೀಕರಣ ಅನ್ನುವುದು, ಪ್ರಕಟವಾಯಿತು. ಡ್ಯೂಯಿ ಸಿದ್ಧ ಉಡುಪಿನ ಅಂಗಡಿಯಾದರೆ ಇದು ದರ್ಜಿ ಅಂಗಡಿ, ಅಳತೆ ತೆಗೆದು ಹೊಲಿಯುತ್ತಾರೆ.

"1950ರ ದಶಕದ ಭಾರತದಲ್ಲಿ ಶ್ವಾಸಕೋಶದ ಕ್ಷಯರೋಗದ ಚಿಕಿತ್ಸೆ" ಅಂತ ಪುಸ್ತಕ ಇದೆ ಅನ್ನಿ. ಶಾಸ್ತ್ರ ವೈದ್ಯಕೀಯ. ಅದರೊಳಗೆ ಯಾವ ಅಂಗ? ಶ್ವಾಸಕೋಶ. ಏನಾಗಿದೆ? ಕ್ಷಯ. ಏನು ಮಾಡುತ್ತಿದ್ದಾರೆ? ಚಿಕಿತ್ಸೆ. ಎಲ್ಲಿ? ಭಾರತ. ಯಾವಾಗ? 1950ರ ದಶಕ. ಒಂದೊಂದಕ್ಕೂ ಒಂದು ಚಿಹ್ನೆ, ನಡುವೆ ಕೋಲನ್, ಅಲ್ಪವಿರಾಮ, ಚುಕ್ಕೆಗಳು. ಪರ್ಸನಾಲಿಟಿ, ಮ್ಯಾಟರ್, ಎನರ್ಜಿ, ಸ್ಪೇಸ್, ಟೈಮ್ ಅಂತ ಐದು ಮುಖಗಳನ್ನು ಕ್ಲಾಸಿನಲ್ಲಿ ಉರು ಹೊಡೆಸುತ್ತಾರೆ. ಉರು ಹೊಡೆಯುವ ಮೊದಲು ಏನು, ಎಲ್ಲಿ, ಯಾವಾಗ ಅಂತ ಕನ್ನಡದಲ್ಲಿ ಪ್ರಶ್ನೆ ಕೇಳಿಕೊಳ್ಳುವುದನ್ನು ಅಭ್ಯಾಸ ಮಾಡಿ. ಈ ಅಭ್ಯಾಸ ಇದ್ದರೆ ಡ್ಯೂಯಿ ನಂಬರ್ ಕಟ್ಟುವುದೂ ಸಲೀಸು.

ರಂಗನಾಥನ್ ಕೊನೆಗೆ ನೆಲೆ ನಿಂತದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿ ಡಿ.ಆರ್.ಟಿ.ಸಿ. ಎಂಬ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರು ಮಾಡಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಆಗಸ್ಟ್ 12 ಲೈಬ್ರರಿಯನ್ನರ ದಿನ ಆಗಿರುವುದು ಅವರ ಹೆಸರಿನಲ್ಲೇ.

ಕನ್ನಡ ಲೇಖಕರ ಹೆಸರನ್ನು ಹೇಗೆ ಬರೆಯಬೇಕು? ಸರ್‌ನೇಮ್ ಮೊದಲು ಅಂತಾರೆ, ನಮ್ಮವರಿಗೆ ಸರ್‌ನೇಮೇ ಇಲ್ಲ.

ಅತಿ ಹೆಚ್ಚು ತಪ್ಪಾಗುವ ಜಾಗ ಇದು. ಸುಮ್ನೆ ಕೊನೆಯ ಪದವನ್ನು ಮುಂದಕ್ಕೆ ತರುವುದು ಸರಿಯಲ್ಲ. ಧಾರವಾಡ, ಬೆಳಗಾವಿ ಕಡೆಯವರಿಗೆ ಅಡ್ಡಹೆಸರು ಇರುತ್ತದೆ: ಬೇಂದ್ರೆ, ಕಂಬಾರ, ಕಾರ್ನಾಡ. ಅಲ್ಲಿ ಅಡ್ಡಹೆಸರು ಮೊದಲು, "ಕಂಬಾರ, ಚಂದ್ರಶೇಖರ". ಹಳೇ ಮೈಸೂರು ಕಡೆ ಬಂದರೆ ಊರು ಮತ್ತು ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಕೂತಿರುತ್ತವೆ, ಉಳಿದದ್ದು ಕೊಟ್ಟ ಹೆಸರು. ಎಸ್.ಎಲ್. ಭೈರಪ್ಪ ಅಂದರೆ ಭೈರಪ್ಪ ಅವರ ಹೆಸರೇ, ಮನೆತನದ ಹೆಸರಲ್ಲ. ಕ್ಯಾಟಲಾಗ್ ಹೇಗೆ ಬರೆಯಬೇಕು ಅಂತ ಹೇಳುವ ಎ.ಎ.ಸಿ.ಆರ್. 2 ನಿಯಮಾವಳಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ ಹೆಸರುಗಳಿಗೆ ಅಂತಲೇ ಒಂದು ನಿಯಮ ಇದೆ: ಅಡ್ಡಹೆಸರು ಇಲ್ಲದಿದ್ದರೆ ಕೊಟ್ಟ ಹೆಸರಿನ ಕೆಳಗೆ ಹಾಕಿ ಅಂತ. ಅಂದರೆ "ಭೈರಪ್ಪ, ಎಸ್.ಎಲ್.". ರಂಗನಾಥನ್ ಅವರದೂ ಇದೇ ಕಥೆ, ಶಿಯಾಳಿ ಊರು, ರಾಮಾಮೃತ ಅಪ್ಪ.

ತಾಪತ್ರಯ ಇರುವುದು ಎರಡೂ ಥರದ ಹೆಸರು ಒಂದೇ ರೀತಿ ಕಾಣುವುದರಲ್ಲಿ. ಗೌಡ, ಶೆಟ್ಟಿ, ಭಟ್ಟ ಕೊನೆಯಲ್ಲಿ ಬಂದರೆ? ಲೇಖಕರು ತಮ್ಮನ್ನು ಹೇಗೆ ಕರೆದುಕೊಳ್ಳುತ್ತಾರೆ, ಬೇರೆ ಪುಸ್ತಕಗಳಲ್ಲಿ ಹೇಗಿದೆ ನೋಡಿ ನಿರ್ಧರಿಸಬೇಕು.

ಕಾವ್ಯನಾಮ ಬೇರೆ ಇದೆ. ಜನ ಕುವೆಂಪು ಅಂತ ಹುಡುಕುತ್ತಾರೆ, ಹಳೆಯ ಪುಸ್ತಕದ ಮೇಲೆ ಕೆ.ವಿ. ಪುಟ್ಟಪ್ಪ ಅಂತಿರಬಹುದು. ಅಂಬಿಕಾತನಯದತ್ತ ಮತ್ತು ಬೇಂದ್ರೆ ಒಬ್ಬರೇ ಅಂತ ಕಂಪ್ಯೂಟರಿಗೆ ಗೊತ್ತಿಲ್ಲ. ಜನರ ಬಾಯಲ್ಲಿರುವ ಹೆಸರನ್ನು ಮುಖ್ಯ ಮಾಡಿಕೊಂಡು ಉಳಿದ ಹೆಸರುಗಳಿಂದ "ಇದನ್ನು ನೋಡಿ" ಅಂತ ದಾರಿ ತೋರಿಸುವುದಕ್ಕೆ ಅಥಾರಿಟಿ ಫೈಲ್ ಅನ್ನುತ್ತಾರೆ. ಹೊಸ ಪುಸ್ತಕ ಬಂದಾಗಲೆಲ್ಲ ಮೊದಲು ಆ ಫೈಲ್ ನೋಡಿ, ಆಮೇಲೆ ಹೆಸರು ಟೈಪ್ ಮಾಡಿ.

ಮಾರ್ಕ್ ನಂಬರುಗಳು ಎಷ್ಟು ಗೊತ್ತಿರಬೇಕು?

ಮಾರ್ಕ್ ಅಂದರೆ ಕಂಪ್ಯೂಟರ್ ಕ್ಯಾಟಲಾಗಿನಲ್ಲಿ ಪುಸ್ತಕದ ಒಂದೊಂದು ವಿವರದ ಡಬ್ಬಿಗೂ ಒಂದು ನಂಬರ್ ಕೊಡುವ ಮಾದರಿ, ಡ್ಯೂಯಿ ನಂಬರ್ ಅಲ್ಲ. ಹತ್ತು ಸಾಕು. 020 ಐ.ಎಸ್.ಬಿ.ಎನ್., 082 ಡ್ಯೂಯಿ ನಂಬರ್, 100 ಲೇಖಕರು, 245 ಶೀರ್ಷಿಕೆ, 250 ಆವೃತ್ತಿ, 264 ಪ್ರಕಾಶಕರು ಮತ್ತು ವರ್ಷ (ಹಳೆಯ ದಾಖಲೆಗಳಲ್ಲಿ 260), 300 ಪುಟ ಮತ್ತು ಅಳತೆ, 490 ಮಾಲೆ, 650 ವಿಷಯ, 700 ಅನುವಾದಕರು, ಸಂಪಾದಕರು ಮುಂತಾದವರು. ಹಳೇ ಕಾಲದ ಕಾರ್ಡಿನಲ್ಲಿ ಬರೆಯುತ್ತಿದ್ದದ್ದೂ ಇದೇ ವಿವರ, ಈಗ ಡಬ್ಬಿಗಳಿಗೆ ನಂಬರ್ ಬಂದಿದೆ. ಶೀರ್ಷಿಕೆಯನ್ನು ರಕ್ಷಾಪುಟದಿಂದ ಬರೆದುಕೊಳ್ಳಬೇಡಿ, ಒಳಗಿನ ಶೀರ್ಷಿಕೆ ಪುಟದಿಂದ ಬರೆಯಿರಿ. ಎರಡೂ ಬೇರೆ ಇರುವ ಕನ್ನಡ ಪುಸ್ತಕ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಕನ್ನಡದಲ್ಲೇ ಟೈಪ್ ಮಾಡಬೇಕಾ, ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ನಡೆಯುತ್ತದಾ?

ಕನ್ನಡದಲ್ಲಿ, ಯೂನಿಕೋಡಿನಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ದೀರ್ಘ ಹ್ರಸ್ವ, ಲ ಳ, ನ ಣ ಎಲ್ಲಾ ಕಲಸುಮೇಲೋಗರ. ಹಳ್ಳಿಯೂ ಹಲ್ಲಿಯೂ ಒಂದೇ ಆಗಿಬಿಡುತ್ತವೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಯೂನಿಕೋಡ್ ಅಲ್ಲದ ರೀತಿಯಲ್ಲಿ ಟೈಪ್ ಮಾಡಿಟ್ಟ ಪಟ್ಟಿ ಇದ್ದರೆ ಪರಿವರ್ತಕದಲ್ಲಿ ಹಾಕಿ ಬದಲಿಸಿ, ಆದರೆ ಬದಲಿಸಿದ ಮೇಲೆ ಕಣ್ಣಾರೆ ಓದಿ. ಒತ್ತಕ್ಷರ, ಅರ್ಕಾವತ್ತು ಎಗರಿ ಹೋಗಿರುತ್ತವೆ.

ಇನ್ನೊಂದು ಕಿರಿಕಿರಿ. ಕಾರಂತ, ಕಾರಂತ್. ಗಿರೀಶ, ಗಿರೀಶ್. ನಮಗೆ ಎರಡೂ ಒಂದೇ, ಕಂಪ್ಯೂಟರಿಗೆ ಅಲ್ಲ. ಒಂದು ರೂಪ ಆರಿಸಿಕೊಂಡು ಅಥಾರಿಟಿ ಫೈಲಿಗೆ ಹಾಕಿಬಿಡಿ. ಹೊರನಾಡಿನಲ್ಲಿರುವ ಕನ್ನಡ ಸಂಘದ ಲೈಬ್ರರಿಯಾಗಿದ್ದು ಅಲ್ಲಿಯ ಮಕ್ಕಳಿಗೆ ಕನ್ನಡ ಟೈಪ್ ಮಾಡಲು ಬರದಿದ್ದರೆ ಶೀರ್ಷಿಕೆಯ ಇಂಗ್ಲಿಷ್ ಅಕ್ಷರದ ರೂಪವನ್ನು ಮಾರ್ಕಿನ 246ನೇ ಡಬ್ಬಿಯಲ್ಲಿ ಜೊತೆಗೆ ಕೊಡಿ. ಇನ್ನೊಂದು ಬಾಗಿಲು ತೆಗೆದಂತಾಯಿತು.

ಯಾವ ಸಾಫ್ಟ್‌ವೇರ್ ಒಳ್ಳೆಯದು?

ಕೋಹಾ ಉಚಿತ, ಕನ್ನಡ ಚೆನ್ನಾಗಿ ಬರುತ್ತದೆ. 2000ದಲ್ಲಿ ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಲೈಬ್ರರಿಗಾಗಿ ಹುಟ್ಟಿದ್ದು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಸರ್ಕಾರಿ ಕಡೆ ಇ-ಗ್ರಂಥಾಲಯ, ಕಾಲೇಜುಗಳಲ್ಲಿ ಸೋಲ್ ಸಹ ಇವೆ. ಬೇರೆ ಲೈಬ್ರರಿಯ ಕ್ಯಾಟಲಾಗ್ ದಾಖಲೆಯನ್ನು ಝಡ್ 39.50 ಎಂಬ ವ್ಯವಸ್ಥೆಯ ಮೂಲಕ ಇಳಿಸಿಕೊಳ್ಳಬಹುದು, ಇಂಗ್ಲಿಷ್ ಪುಸ್ತಕಕ್ಕೆ ಅದು ವರ. ಕನ್ನಡ ಪುಸ್ತಕಕ್ಕೆ ಸಿಕ್ಕರೆ ಅದೃಷ್ಟ, ಸಿಕ್ಕರೂ ಹೆಸರು ಬರೆದ ರೀತಿ ಎಲ್ಲಾ ಒಮ್ಮೆ ನೋಡಿ ತಿದ್ದಿಕೊಳ್ಳಬೇಕು.

ನಮ್ಮ ಊರ ಲೈಬ್ರರಿಯಲ್ಲಿ ಇರುವುದೇ ಆರುನೂರು ಪುಸ್ತಕ. ಇಷ್ಟೆಲ್ಲಾ ಬೇಕಾ?

ಬೇಡ. ಮೊದಲು ಅಕ್ಸೆಷನ್ ರಿಜಿಸ್ಟರ್, ಅಂದರೆ ಬಂದ ಪುಸ್ತಕಗಳ ಲೆಕ್ಕದ ಪುಸ್ತಕ, ಸರಿಯಾಗಿ ಬರೆಯಿರಿ, ಒಂದೊಂದು ಪ್ರತಿಗೂ ಒಂದು ಕ್ರಮಸಂಖ್ಯೆ. ಶೀರ್ಷಿಕೆ ಪುಟದಲ್ಲೂ ಒಳಗೆ ನೀವೇ ಗೊತ್ತು ಮಾಡಿಕೊಂಡ ಒಂದು ಸೀಕ್ರೆಟ್ ಪೇಜಿನಲ್ಲೂ ಸೀಲ್ ಒತ್ತಿ. ಆಮೇಲೆ ಡ್ಯೂಯಿಯ ಮೂರು ಅಂಕಿ ಸಾಕು, ಬೇಸಾಯ 630, ಅಡುಗೆ 641. ಮಕ್ಕಳ ಪುಸ್ತಕಕ್ಕೆ ನಂಬರ್ ಗೋಜೇ ಬೇಡ, ಬಣ್ಣದ ಪಟ್ಟಿ ಅಂಟಿಸಿ ಅವರ ಕೈಗೆ ಎಟುಕುವ ಕಪಾಟಿನಲ್ಲಿಡಿ. ಪುಸ್ತಕ ಇರುವುದು ಬಳಕೆಗೆ ಅಂತ ರಂಗನಾಥನ್ 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಅದು.

ಎಲ್ಲಿ ಕಲಿಯಬಹುದು?

ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳಿವೆ. ದೂರದಿಂದ ಓದುವವರಿಗೆ ಇಗ್ನೋ ಇದೆ, ಅದರ ಪಠ್ಯ ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪರೀಕ್ಷೆಗೆ ಓದುವವರಿಗೆ ಒಂದೇ ಮಾತು: ಮನೆಯಲ್ಲಿರುವ ಇಪ್ಪತ್ತು ಪುಸ್ತಕಕ್ಕೆ ನಂಬರ್ ಹಾಕಿ ನೋಡಿ, ಗೈಡ್ ಓದಿದ್ದಕ್ಕಿಂತ ಹೆಚ್ಚು ಕಲಿಯುತ್ತೀರಿ.

ತಪ್ಪು ನಂಬರ್ ಕೊಟ್ಟುಬಿಟ್ಟರೆ?

ಎಲ್ಲರೂ ಕೊಡುತ್ತಾರೆ. ನಾನು ಹೊಸದರಲ್ಲಿ ಒಂದು ಕಾದಂಬರಿಯ ಹೆಸರಿನಲ್ಲಿ ಹೊಲ ಅಂತ ಇದ್ದದ್ದಕ್ಕೆ ಅದನ್ನು 631ಕ್ಕೆ ಹಾಕಿ ಚೀಟಿ ಅಂಟಿಸಿಬಿಟ್ಟಿದ್ದೆ. ಮೂರು ವರ್ಷ ಅದು ಗೊಬ್ಬರದ ಪುಸ್ತಕಗಳ ನಡುವೆ ಕೂತಿತ್ತು. ಕೊನೆಗೆ ರೈತರೊಬ್ಬರು ತೆಗೆದುಕೊಂಡು ಹೋಗಿ ಪೂರ್ತಿ ಓದಿ ವಾಪಸ್ ತಂದು, "ಮಣ್ಣಿನ ವಿಚಾರ ಏನೂ ಇಲ್ಲ, ಆದ್ರೆ ಕಥೆ ಚೆನ್ನಾಗಿದೆ, ಇವರದು ಇನ್ನೊಂದು ಇದ್ದರೆ ಕೊಡಿ" ಅಂದರು. ಅವತ್ತಿನಿಂದ ನಂಬರನ್ನು ಮೊದಲು ಶೀರ್ಷಿಕೆ ಪುಟದ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತೇನೆ, ಒಂದು ದಿನ ಬಿಟ್ಟು ಇನ್ನೊಮ್ಮೆ ನೋಡಿ ಆಮೇಲೆ ಚೀಟಿ ಅಂಟಿಸುತ್ತೇನೆ. ತಪ್ಪು ಗೊತ್ತಾದಾಗ ಚೀಟಿ, ಕ್ಯಾಟಲಾಗ್, ಒಳಗಿನ ಪೆನ್ಸಿಲ್ ನಂಬರ್ ಮೂರನ್ನೂ ಒಟ್ಟಿಗೆ ಬದಲಿಸಿ. ಒಂದನ್ನು ಬಿಟ್ಟರೂ ಪುಸ್ತಕ ಮತ್ತೆ ಹಳೆಯ ಕಪಾಟಿಗೇ ಹೋಗಿ ಕೂರುತ್ತದೆ.